ಒಂದು ರೂಪಾಯಿಯ ವ್ಯವಹಾರ

ಠಾಣೆಯ ಟೆಂಭಿ ನಾಕಾ ಬಳಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಗೆ ನಾವು ಬಾಡಿಗೆಗೆ ಬಂದದ್ದು 2016ರ ಮಳೆಗಾಲದಲ್ಲಿ. ಕೇಂದ್ರ ಸರ್ಕಾರದ ನೌಕರಿ. ವರ್ಗದ ಆದೇಶ ಎಲ್ಲಿಗೆ ಒಯ್ದರೆ ಅಲ್ಲಿ ಸಂಸಾರ. ಎದುರು ಬಾಗಿಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ವಿಧವೆ ಒಂಟಿಯಾಗಿ ಇದ್ದರು. ಅವರ ಅಡ್ಡಹೆಸರು ಕೊಂಕಣದ ಒಂದು ಹಳ್ಳಿಯ ಹೆಸರಿಗೆ ‘ಕರ್’ ಸೇರಿ ಆದದ್ದು. ಒಂಬತ್ತು ಗಜದ ಸೀರೆಯಲ್ಲದಿದ್ದರೂ ಉಡುವ ಬಗೆ, ಮಾತಿನ ಧಾಟಿ, ಮೀನಿನ ಸಾರಿನ ವಾಸನೆ ಎಲ್ಲವೂ ಅಪ್ಪಟ ಕೊಂಕಣಪಟ್ಟಿಯವು. ನಾವು ಮರಾಠಿಯವರೆಂದೇ ತಿಳಿದೆವು. ತಿಳಿದದ್ದು ತಪ್ಪೂ ಅಲ್ಲ. ಬಾಗಿಲ ಚೌಕಟ್ಟಿನ ಬಲಗಡೆಗೆ ಓರೆಯಾಗಿ ಬಡಿದಿದ್ದ ಬೆರಳುದ್ದದ ಕೊಳವೆಯನ್ನು ನೋಡಿದ್ದೆವಾದರೂ ಹಳೆಯ ಕರೆಗಂಟೆಯ ಅವಶೇಷವೆಂದು ಭಾವಿಸಿದ್ದೆವು. ಅದು ಮೆಜೂಜಾ ಎಂದೂ, ಒಳಗೆ ಹೀಬ್ರೂ ಅಕ್ಷರಗಳ ಚರ್ಮದ ಸುರುಳಿಯಿದೆ ಎಂದೂ ಗೊತ್ತಾಗಲು ಒಂದು ಅವಮಾನ ಆಗಬೇಕಾಯಿತು.

2017ರ ಏಪ್ರಿಲ್ 11, ಮಂಗಳವಾರ, ಹನುಮಜ್ಜಯಂತಿ. ಧಾರವಾಡದ ಕಡೆಯವರಾದ ನಮಗೆ ಹಬ್ಬವೆಂದರೆ ಗೋಧಿ ಹುಗ್ಗಿ. ಕುಟ್ಟಿದ ಗೋಧಿ, ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ಬೆಳಗಿನ ಜಾವವೇ ಮಾಡಿ, ನೈವೇದ್ಯ ಮುಗಿಸಿ, ಕಚೇರಿಗೆ ಹೊರಡುವ ಮುನ್ನ ಒಂದು ಡಬ್ಬಿಯಲ್ಲಿ ತುಂಬಿ ಎದುರು ಮನೆಯ ಬಾಗಿಲು ತಟ್ಟಿದೆವು. ಅವರನ್ನು ನಾವು ‘ಮಾವಶಿ’ ಎಂದು ಕರೆಯುತ್ತಿದ್ದೆವು. ಮಾವಶಿ ಬಾಗಿಲು ತೆರೆದರು, ಡಬ್ಬಿಯನ್ನು ನೋಡಿದರು, ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. “ಆಜ್ ನಕೋ, ಬಾಳಾ” ಎಂದರು. ಇವತ್ತು ಬೇಡ. ನಾವು ಒಳಗೆ ಕಾಲಿಡಲು ಹೋದಾಗ ಬಾಗಿಲಿಗೆ ಅಡ್ಡವಾಗಿ ನಿಂತರು. “ಅದನ್ನು ಹೊರಗೇ ಇಟ್ಟು ಬಾ, ಬರಿಗೈಯಲ್ಲಿ ಒಳಗೆ ಬಾ” ಎಂದು ಆಮೇಲೆ ಅಂದರಾದರೂ ಆ ಹೊತ್ತಿಗೆ ನಾವು ತಿರುಗಿ ನಮ್ಮ ಬಾಗಿಲು ಮುಚ್ಚಿಕೊಂಡಿದ್ದೆವು.

ಆ ದಿನ ನಮ್ಮೊಳಗೆ ಎದ್ದ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೀನು ಮಾಂಸ ತಿನ್ನುವ ಮನೆಯವರು ನಮ್ಮ ಮನೆಯ ನೈವೇದ್ಯವನ್ನು ಬೇಡವೆಂದರಲ್ಲ! ಇಂಗ್ಲಿಷ್ ಎಂ.ಎ. ಮಾಡಿ, ಇಪ್ಪತ್ತು ವರ್ಷ ದೇಶದ ನಾನಾ ಊರುಗಳಲ್ಲಿ ನಾನಾ ಜನರೊಡನೆ ಕೆಲಸ ಮಾಡಿದ ಮೇಲೂ ಮೊದಲು ಬಾಯಿಗೆ ಬಂದದ್ದು ಅದೇ. ನಮ್ಮಿಬ್ಬರ ಅಜ್ಜಿಯರ ಮನೆಗಳಲ್ಲೂ ಹಿತ್ತಿಲ ಗೂಡಿನಲ್ಲಿ ಒಂದು ಹಿತ್ತಾಳೆಯ ಲೋಟ ಬೇರೆಯಾಗಿ ಇರುತ್ತಿತ್ತು. ಬಳೆಗಾರನಿಗೆ, ಕಟ್ಟಿಗೆ ಒಡೆಯುವವನಿಗೆ, ನಮ್ಮೊಡನೆ ಓದಲು ಬರುತ್ತಿದ್ದ ಒಬ್ಬ ಹುಡುಗನಿಗೆ ಅದರಲ್ಲೇ ನೀರು. ಕುಡಿದವರು ತಾವೇ ತೊಳೆದು ಬೋರಲು ಇಟ್ಟು ಹೋಗುತ್ತಿದ್ದರು. ಆ ಹುಡುಗ ಎಂಟನೆಯ ತರಗತಿಯ ನಂತರ ನಮ್ಮ ಮನೆಯಲ್ಲಿ ನೀರು ಕೇಳುವುದನ್ನು ಬಿಟ್ಟ. ನಾವು ಅದನ್ನು ಗಮನಿಸಿದ್ದೆವು, ಏನೂ ಅನ್ನಲಿಲ್ಲ. ಮುಚ್ಚಿದ ಡಬ್ಬಿಯನ್ನು ಹಿಡಿದು ಹೊಸ್ತಿಲ ಹೊರಗೆ ನಿಂತ ಆ ಅರ್ಧ ನಿಮಿಷದಲ್ಲಿ ನಮಗೆ ನೆನಪಾದದ್ದು ಗೂಡಿನ ಆ ಲೋಟವೇ.

ಮಾವಶಿ ಸಂಜೆ ತಾವೇ ಬಂದರು. ನಮ್ಮ ಮನೆಯಲ್ಲಿ ಏನನ್ನೂ ಮುಟ್ಟದೆ, ಕುರ್ಚಿಯ ಅಂಚಿನಲ್ಲಿ ಕುಳಿತು ವಿವರಿಸಿದರು. ತಾವು ಬೆನೆ ಇಸ್ರಾಯೇಲರು. ನಿನ್ನೆ ರಾತ್ರಿಯಿಂದ ತಮಗೆ ‘ಬಿನ್ ಖಮೀರಾಚಾ ಸಣ’, ಹುದುಗಿಲ್ಲದ ಹಬ್ಬ. ಹೀಬ್ರೂವಿನಲ್ಲಿ ಪೆಸಾಖ್. ಮಿಶನ್ ಶಾಲೆಯಲ್ಲಿ ಕಲಿತ ನಮಗೆ ಕನ್ನಡ ಬೈಬಲಿನ ‘ಪಸ್ಕ ಹಬ್ಬ’ ಎಂಬ ಮಾತು ಕಿವಿಗೆ ಬಿದ್ದಿತ್ತು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ರಾತ್ರಿ ಹಿಟ್ಟು ಹುದುಗುವವರೆಗೂ ಕಾಯಲು ಪುರುಸೊತ್ತಿಲ್ಲದೆ ಹೊರಟವರ ಕಥೆಯೂ ಗೊತ್ತಿತ್ತು. ಗೊತ್ತಿಲ್ಲದ್ದು, ಆ ಅವಸರವನ್ನು ಮೂರು ಸಾವಿರ ವರ್ಷಗಳಿಂದ ಅಡಿಗೆಮನೆಯ ಲೆಕ್ಕದಲ್ಲಿ ಎಷ್ಟು ನಿಧಾನವಾಗಿ, ಎಷ್ಟು ಸೂಕ್ಷ್ಮವಾಗಿ ಪಾಲಿಸಿಕೊಂಡು ಬಂದಿದ್ದಾರೆ ಎಂಬುದು.

ನಿಷೇಧವಿರುವುದು ಐದು ಧಾನ್ಯಗಳಿಗೆ: ಗೋಧಿ, ಜವೆ, ರೈ, ಓಟ್ಸ್ ಮತ್ತು ಗೋಧಿಯದೇ ಜಾತಿಯ ಸ್ಪೆಲ್ಟ್. ಇವುಗಳ ಹಿಟ್ಟಿಗೆ ನೀರು ತಾಗಿ ಹದಿನೆಂಟು ನಿಮಿಷ ಕಳೆದರೆ ಅದು ‘ಹಮೇಟ್ಸ್’, ಅಂದರೆ ಹುದುಗಿದ್ದು. ಹಬ್ಬದಲ್ಲಿ ತಿನ್ನುವ ಮಾತ್ಸಾ ರೊಟ್ಟಿಯೂ ಗೋಧಿಯದೇ. ಆದರೆ ನೀರು ಬೆರೆಸಿದ್ದರಿಂದ ಬೇಯುವವರೆಗೆ ಹದಿನೆಂಟು ನಿಮಿಷ ಮೀರಕೂಡದು. ಆ ನೀರು ಕೂಡ ಹಿಂದಿನ ಸಂಜೆ ಸೇದಿ ಒಂದು ರಾತ್ರಿ ತಣ್ಣಗೆ ಇರಿಸಿದ್ದಾಗಿರಬೇಕು. ಬೆಚ್ಚಗಿನ ನೀರು ಹುದುಗನ್ನು ಬೇಗ ತರುತ್ತದೆ. ನಮ್ಮ ಹುಗ್ಗಿ ರಾತ್ರಿಯೆಲ್ಲ ನೆನೆದ ಗೋಧಿಯದು. ಈ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಹಮೇಟ್ಸ್ ಇನ್ನೊಂದಿಲ್ಲ.

ಹಮೇಟ್ಸನ್ನು ತಿನ್ನಬಾರದೆಂಬುದಷ್ಟೇ ಅಲ್ಲ. ಮನೆಯಲ್ಲಿ ಕಾಣಬಾರದು, ಒಡೆತನದಲ್ಲೂ ಇರಬಾರದು. ಹಾಗಾಗಿಯೇ ಹಬ್ಬದ ಹಿಂದಿನ ರಾತ್ರಿ ದೀಪ ಹಿಡಿದು, ಹಕ್ಕಿಯ ಗರಿಯಿಂದ ಮೂಲೆಮೂಲೆ ಗುಡಿಸಿ, ಸಿಕ್ಕ ಚೂರುಗಳನ್ನು ಮರದ ಸೌಟಿನಲ್ಲಿ ಕೂಡಿಸಿ, ಮರುದಿನ ಬೆಳಿಗ್ಗೆ ಸುಡುತ್ತಾರೆ. ಹುಡುಕಾಟ ವ್ಯರ್ಥವಾಗದಿರಲೆಂದು ರೊಟ್ಟಿಯ ಹತ್ತು ಚೂರುಗಳನ್ನು ಮೊದಲೇ ಅಲ್ಲಲ್ಲಿ ಬಚ್ಚಿಡುವ ರೂಢಿಯೂ ಉಂಟು. ಕಣ್ಣಿಗೆ ಬೀಳದೆ ಉಳಿದದ್ದೇನಾದರೂ ಇದ್ದರೆ ಅದು ನೆಲದ ಧೂಳಿಗೆ ಸಮಾನವೆಂದು ಅರಾಮಿಕ್ ಭಾಷೆಯಲ್ಲಿ ಹೇಳಿ ಕೈತೊಳೆದುಕೊಳ್ಳುತ್ತಾರೆ. ಆಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ಅದನ್ನು ಹೇಳಬೇಕೆಂಬ ಕಾರಣಕ್ಕೆ, ಅರಾಮಿಕ್ ಮನೆಮಾತಾಗಿದ್ದ ಕಾಲದಲ್ಲಿ ಹಾಗೆ ಬಂದದ್ದು. ಮಾವಶಿ ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು.

ಪಾತ್ರೆಗಳ ಶಾಸ್ತ್ರ ಇನ್ನೂ ಸೊಗಸು. ಪಾತ್ರೆ ಹೇಗೆ ಹೀರಿಕೊಂಡಿತೋ ಹಾಗೆಯೇ ಕಕ್ಕುತ್ತದೆ ಎಂಬುದು ಸೂತ್ರ. ಕುದಿಸಿ ಅಡಿಗೆ ಮಾಡಿದ ಪಾತ್ರೆಗೆ ಕುದಿಯುವ ನೀರು, ನೇರ ಬೆಂಕಿಯ ಮೇಲೆ ಬೇಯಿಸಿದ ಸಲಾಕೆಗೆ ಕೆಂಪಗೆ ಕಾಯುವಷ್ಟು ಬೆಂಕಿ. ಮಣ್ಣಿನ ಪಾತ್ರೆಗೆ ಬಿಡುಗಡೆಯೇ ಇಲ್ಲ. ಒಮ್ಮೆ ಹೀರಿದ್ದನ್ನು ಅದು ಬಿಟ್ಟುಕೊಡದು. ಕೊಂಕಣದಲ್ಲಿ ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿದು ತಾಮ್ರದ ಪಾತ್ರೆಗಳಿಗೆಲ್ಲ ಹೊಸ ಕಲಾಯಿ ಹಾಕಿಸುತ್ತಿದ್ದರಂತೆ. ಕಲಾಯಿವಾಲನ ನವಸಾಗರದ ಹೊಗೆ ಹಿಡಿದರೆ ಪೆಸಾಖ್ ಹತ್ತಿರ ಬಂತೆಂದು ಮಾವಶಿಗೆ ಚಿಕ್ಕಂದಿನಲ್ಲಿ ತಿಳಿಯುತ್ತಿತ್ತು. ಮಡಕೆಯ ನಿಯಮ ಕೇಳಿ ನಾವು ನಕ್ಕೆವು. ಗ್ರಹಣ ಬಿಟ್ಟ ಮೇಲೆ ಹಳೆಯ ಮಡಕೆಗಳನ್ನು ಒಡೆಯುತ್ತಿದ್ದ ಅಜ್ಜಿಗೆ ಈ ವಾದ ತಟ್ಟನೆ ತಿಳಿಯುತ್ತಿತ್ತು.

ಅಕ್ಕಿಯ ವಿಷಯಕ್ಕೆ ಬಂದರೆ ಯೆಹೂದಿಗಳಲ್ಲೇ ಒಮ್ಮತವಿಲ್ಲ. ಯೂರೋಪಿನ ಅಶ್ಕೆನಾಜಿಗಳು ಹದಿಮೂರನೆಯ ಶತಮಾನದಿಂದೀಚೆಗೆ ಅಕ್ಕಿ, ಬೇಳೆಕಾಳು, ಸಾಸಿವೆಗಳನ್ನೆಲ್ಲ ಹಬ್ಬದ ಮಟ್ಟಿಗೆ ದೂರವಿಟ್ಟರು. ಅವುಗಳ ಹಿಟ್ಟು ಗೋಧಿಯ ಹಿಟ್ಟಿನಂತೆ ಕಾಣುತ್ತದೆ, ಚೀಲದಲ್ಲಿ ಬೆರಕೆಯಾಗಬಹುದು ಎಂಬ ಎಚ್ಚರಿಕೆಯೇ ಮುಖ್ಯ ಕಾರಣ. ಆ ಪಟ್ಟಿ ಸಿದ್ಧವಾದ ಕಾಲಕ್ಕೆ ಆಲೂಗಡ್ಡೆ ಯೂರೋಪನ್ನು ಮುಟ್ಟಿರಲಿಲ್ಲವಾದ್ದರಿಂದ ಅದು ಬಚಾವಾಯಿತು. ಅಮೆರಿಕದ ಕನ್ಸರ್ವೇಟಿವ್ ಪಂಥದವರು 2015ರಲ್ಲಿ ಕೂಡಿ ಚರ್ಚಿಸಿ ಅಕ್ಕಿ ಬೇಳೆಗಳನ್ನು ತಿನ್ನಬಹುದೆಂದು ಒಪ್ಪಿದರು. ನಮ್ಮ ಚಾತುರ್ಮಾಸ್ಯದ ನಾಲ್ಕನೆಯ ತಿಂಗಳ ದ್ವಿದಳ ವ್ರತವನ್ನು ಮಾವಶಿಗೆ ಹೇಳಿದಾಗ ಅವರು, “ನಿಮ್ಮಲ್ಲೂ ಅಶ್ಕೆನಾಜಿಗಳಿದ್ದಾರೆ ಅನ್ನು” ಎಂದರು. ಅನ್ನ ಬಿಟ್ಟು ಬದುಕಲಾರದ ಕೊಂಕಣದ ಇವರಿಗೆ ಅಕ್ಕಿಯ ಅಡ್ಡಿಯೇ ಇಲ್ಲ. ಎಂಟು ದಿನವೂ ಅಕ್ಕಿರೊಟ್ಟಿ, ಅನ್ನ, ತೆಂಗಿನ ಹಾಲಿನ ಸಾರು.

ಹಾಗಾದರೆ ಇಡ್ಲಿ? ನಾವು ಕೇಳಿಯೇ ಕೇಳಿದೆವು. ರಾತ್ರಿಯೆಲ್ಲ ಉಬ್ಬಿ ಹುಳಿಯಾಗುವ ಹಿಟ್ಟಲ್ಲವೇ ಅದು. ಆದರೆ ಅಕ್ಕಿ ಹುದುಗುವುದಿಲ್ಲ, ಕೇವಲ ಕೊಳೆಯುತ್ತದೆ ಎಂದು ತಾಲ್ಮೂದಿನ ಪಂಡಿತರು ತೀರ್ಮಾನಿಸಿದ್ದಾರೆ. ಇಡ್ಲಿಗೆ ಇದಕ್ಕಿಂತ ದೊಡ್ಡ ಅಪಮಾನವಾಗಲಾರದು. ಆದರೂ ಆ ಅಪಮಾನದಿಂದಲೇ ಅದಕ್ಕೆ ಪೆಸಾಖಿನಲ್ಲಿ ಪ್ರವೇಶ. “ಇಡ್ಲಿಯದೇನೂ ತಪ್ಪಿಲ್ಲ, ನಿಮ್ಮ ಇಡ್ಲಿಪಾತ್ರೆಯದು ತಪ್ಪು, ಅದರಲ್ಲಿ ರವೆ ಇಡ್ಲಿಯನ್ನೂ ಬೇಯಿಸುತ್ತೀರಿ” ಎಂದು ಮಾವಶಿ ಮುಗಿಸಿದರು. ಹಿಂಗಿನ ಸಂಗತಿ ನಮ್ಮನ್ನು ಇನ್ನಷ್ಟು ಬೆರಗುಗೊಳಿಸಿತು. ಅಂಗಡಿಯಲ್ಲಿ ಸಿಗುವ ಪುಡಿಹಿಂಗಿನಲ್ಲಿ ಮೈದಾ ಬೆರೆತಿರುತ್ತದೆ. ಡಬ್ಬಿಯ ಮೇಲೆ ಬರೆದೇ ಇದೆ. ಅಷ್ಟು ವರ್ಷ ಒಗ್ಗರಣೆ ಹಾಕಿದ ನಾವು ಓದಿರಲಿಲ್ಲ.

ಈ ಮಾತುಗಳೆಲ್ಲ ಒಂದೇ ಸಂಜೆ ಆಡಿದವಲ್ಲ. ವರ್ಷಕ್ಕೊಂದಿಷ್ಟು ತಿಳಿಯುತ್ತ ಹೋಯಿತು. ಅವರ ನೀಸಾನ್ ಮಾಸದ ಹುಣ್ಣಿಮೆಯೂ ನಮ್ಮ ಚೈತ್ರದ ಹುಣ್ಣಿಮೆಯೂ ಬಹುತೇಕ ಒಂದೇ. ಇಬ್ಬರದೂ ಅಧಿಕಮಾಸ ಸೇರಿಸಿ ಸೂರ್ಯನೊಡನೆ ಹೊಂದಿಸಿಕೊಳ್ಳುವ ಚಾಂದ್ರಮಾನ ಪಂಚಾಂಗ. ಅಧಿಕಮಾಸಗಳು ಬೇರೆಬೇರೆ ಹೊತ್ತಿಗೆ ಬಿದ್ದಾಗ ಮಾತ್ರ ತಪ್ಪುತ್ತದೆ. 2021ರಲ್ಲಿ ಅವರ ಹಬ್ಬ ನಮ್ಮ ಹೋಳಿ ಹುಣ್ಣಿಮೆಗೇ ಬಂದುಹೋಯಿತು.

ಪುಸ್ತಕಗಳನ್ನು ಹುಡುಕಿ ಓದುವ ಹುಚ್ಚು ನಮಗೆ ಹತ್ತಿದ್ದೂ ಆಗಲೇ. ಎಂ.ಎ.ದಲ್ಲಿ ‘ಮರ್ಚಂಟ್ ಆಫ್ ವೆನಿಸ್’ ಓದಿದ್ದೆವು. ಶೈಲಾಕ್ ಕ್ರೈಸ್ತರೊಡನೆ ವ್ಯವಹಾರಕ್ಕೆ ಒಪ್ಪಿ ಪಂಕ್ತಿಗೆ ಒಲ್ಲೆನೆನ್ನುವ ಸಂದರ್ಭಕ್ಕೆ ಟಿಪ್ಪಣಿ ಬರೆದು ಅಂಕ ಪಡೆದಿದ್ದೆವು. ನಿಸ್ಸಿಮ್ ಎಜಿಕಿಯಲ್ಲರ ಕವಿತೆಗಳನ್ನೂ ಓದಿದ್ದೆವು, ಅವರು ಈ ಬೆನೆ ಇಸ್ರಾಯೇಲ್ ಮನೆತನದವರೇ. ಅವರ ಮನೆಯಲ್ಲಿ ಚೈತ್ರದಲ್ಲಿ ಏನು ಬೇಯುತ್ತಿತ್ತು ಎಂದು ಯಾರೂ ಕೇಳಿರಲಿಲ್ಲ, ನಾವೂ ಕೇಳಲಿಲ್ಲ. ಕೊಂಕಣದ ನವಗಾಂವ್ ಬಳಿ ಹಡಗು ಒಡೆದು ಉಳಿದ ಏಳು ಜೋಡಿ ಗಂಡುಹೆಣ್ಣುಗಳ ಸಂತಾನ ತಾವೆಂದು ಇವರ ನಂಬಿಕೆ. ಗಾಣದ ಎಣ್ಣೆ ತೆಗೆಯುವುದು ಕಸುಬು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಹಾಗಾಗಿ ‘ಶನಿವಾರ ತೇಲಿ’ ಎಂದು ಊರವರು ಕರೆದರು. ಧರ್ಮಗ್ರಂಥ ಕೈಬಿಟ್ಟುಹೋದ ಆ ಶತಮಾನಗಳಲ್ಲಿ ಈ ಹಬ್ಬಕ್ಕೆ ‘ಅನಾಶಿ ಢಾಕಾಚಾ ಸಣ’ ಎಂಬ ಹೆಸರಿತ್ತು: ಹುಳಿರಸದ ಗಡಿಗೆಗೆ ಮುಚ್ಚಳ ಹಾಕುವ ಹಬ್ಬ. ಮೋಶೆಯ ಕಥೆ ಮರೆತರೂ ಹುಳಿಯನ್ನು ಮುಚ್ಚಿಡಬೇಕೆಂಬುದನ್ನು ಅಡಿಗೆಮನೆ ಮರೆತಿರಲಿಲ್ಲ.

ನಮ್ಮ ಕನ್ನಡನಾಡಿಗೂ ಇವರಿಗೂ ಒಂದು ಎಳೆಯಿದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯಲ್ ಎಜಿಕಿಯಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದರು. ಕುರಾನಿನಲ್ಲಿ ಹೆಸರಿರುವ ಜನ ಇವರೆಂದು ತಿಳಿದ ಟಿಪ್ಪುವಿನ ತಾಯಿ ಜೀವ ಉಳಿಸಿದರೆಂಬುದು ಪ್ರತೀತಿ. ಬದುಕಿ ಬಂದವರು 1796ರಲ್ಲಿ ಮುಂಬಯಿಯ ಮೊದಲ ಸಿನಗಾಗನ್ನು ಕಟ್ಟಿಸಿದರು. ಜನ ಅದನ್ನು ‘ಜುನಿ ಮಶೀದ್’ ಎಂದರು. ನಾವು ದಿನವೂ ಲೋಕಲ್ ಗಾಡಿಯಲ್ಲಿ ದಾಟಿಹೋಗುವ ಮಸ್ಜಿದ್ ನಿಲ್ದಾಣದ ಹೆಸರು ಅಲ್ಲಿಂದ ಬಂದದ್ದೆಂದು ಹೇಳುವವರಿದ್ದಾರೆ. ಮಾವಶಿ ಹೋಗುತ್ತಿದ್ದದ್ದು ನಮ್ಮ ಮನೆಯ ಸಮೀಪದ, 1879ರಲ್ಲಿ ಕಟ್ಟಿದ ಠಾಣೆಯ ಸಿನಗಾಗಿಗೆ.

ನಿಯಮ ಧಾನ್ಯದ್ದು, ಮನುಷ್ಯರದ್ದಲ್ಲ ಎಂದು ನಾವು ಸಮಾಧಾನ ಮಾಡಿಕೊಂಡಿದ್ದೆವು. ಹುಗ್ಗಿಗೆ ಬಾಗಿಲು ಮುಚ್ಚಿತ್ತು, ನಮಗಲ್ಲ. ಲೋಟದ ಗೂಡಿಗೂ ಇದಕ್ಕೂ ಅಷ್ಟೇ ಅಂತರ. ಆದರೆ ಮಾವಶಿ ಆ ಸಮಾಧಾನವನ್ನು ಪೂರ್ತಿ ಉಳಿಯಗೊಡಲಿಲ್ಲ. ಅನ್ಯರು ಮುಟ್ಟಿದ ದ್ರಾಕ್ಷಾರಸ ಯೆಹೂದಿಗೆ ವರ್ಜ್ಯ, ಅದು ಮನುಷ್ಯರದೇ ನಿಯಮ ಎಂದು ಅವರೇ ಹೇಳಿದರು. ದೇವರ ಮುಂದೆ ಇಟ್ಟ ನೈವೇದ್ಯವೂ ವರ್ಜ್ಯ. ಹಿಂದೆ ಗಣೇಶ ಚೌತಿಯಲ್ಲಿ ನಾವು ಕೊಟ್ಟ ಕಡುಬುಗಳನ್ನು ಅವರು ತೆಗೆದುಕೊಂಡು ಕೆಲಸದವಳಿಗೆ ಕೊಟ್ಟಿದ್ದರು. ಅಂದಿನಿಂದ ಅವರ ಪಾಲನ್ನು ನೈವೇದ್ಯಕ್ಕೆ ಮುಂಚೆಯೇ ಬೇರೆ ತೆಗೆದಿಡತೊಡಗಿದೆವು. ಇನ್ನೊಂದು ಮಾತನ್ನು ಅವರು ಬಹಳ ತಡವಾಗಿ ಹೇಳಿದರು. ತಮ್ಮಲ್ಲೇ ‘ಗೋರೆ’, ‘ಕಾಳೆ’ ಎಂಬ ಎರಡು ಪಂಗಡಗಳಿದ್ದವು, ಕೊಟ್ಟು ತರುವ ಸಂಬಂಧವಿರಲಿಲ್ಲ, ಗೋರೆಗಳ ಪಾತ್ರೆಯನ್ನು ಕಾಳೆಗಳು ಮುಟ್ಟುವಂತಿರಲಿಲ್ಲ. ಬಾಗ್ದಾದಿನಿಂದ ಬಂದು ಮುಂಬಯಿಯಲ್ಲಿ ಶ್ರೀಮಂತರಾದ ಯೆಹೂದಿಗಳು ಈ ಎರಡೂ ಪಂಗಡಗಳನ್ನು ಕೀಳಾಗಿ ಕಂಡರು. ಕೊನೆಗೆ ಇಸ್ರೇಲಿಗೆ ಹೋದರೆ, ಮದುವೆಯ ಪ್ರಶ್ನೆ ಬಂದಾಗ ಇವರ ವಂಶಾವಳಿಯನ್ನು ಶೋಧಿಸಬೇಕೆಂದು 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳ ಸೂಚನೆ ಹೊರಟಿತು. ಇವರು ಬೀದಿಗಿಳಿದು ಪ್ರತಿಭಟಿಸಿದರು. 1964ರಲ್ಲಿ ಅದು ಇತ್ಯರ್ಥವಾಯಿತು. ಮಾವಶಿಯ ದೊಡ್ಡಣ್ಣ ಆ ಪ್ರತಿಭಟನೆಯಲ್ಲಿದ್ದರಂತೆ. “ಹೊಸ್ತಿಲ ಹೊರಗೆ ನಿಲ್ಲುವುದು ಹೇಗಿರುತ್ತದೆಂದು ನನಗೆ ಗೊತ್ತು. ಅವತ್ತು ನೀನು ಡಬ್ಬಿ ಹಿಡಿದು ನಿಂತಾಗ ನನಗೆ ಊಟ ಸೇರಲಿಲ್ಲ” ಎಂದರು. ನಾವು ಲೋಟದ ಕಥೆಯನ್ನು ಅವರಿಗೆ ಹೇಳಬೇಕೆಂದುಕೊಂಡೆವು. ಹೇಳಲಾಗಲಿಲ್ಲ.

ಒಂದು ರೂಪಾಯಿಯ ವ್ಯವಹಾರ ಆರಂಭವಾದದ್ದು 2018ರಲ್ಲಿ. ಹಮೇಟ್ಸ್ ಒಡೆತನದಲ್ಲಿರಬಾರದು, ಹಬ್ಬದ ದಿನಗಳಲ್ಲಿ ಯೆಹೂದಿಯ ಒಡೆತನದಲ್ಲಿ ಉಳಿದ ಹಮೇಟ್ಸನ್ನು ಹಬ್ಬ ಮುಗಿದ ಮೇಲೂ ಬಳಸುವಂತಿಲ್ಲ. ಒಂಟಿ ಹೆಂಗಸು ಐದು ಕಿಲೋ ಹಿಟ್ಟನ್ನು ಎಸೆಯುವುದು ಹೇಗೆ? ಅನ್ಯಧರ್ಮೀಯರಿಗೆ ಮಾರಬೇಕು, ಹಬ್ಬ ಮುಗಿದ ಮೇಲೆ ಕೊಂಡುಕೊಳ್ಳಬೇಕು. ಇಸ್ರೇಲಿನಲ್ಲಿ ಇಡೀ ಸರ್ಕಾರದ ಹಮೇಟ್ಸನ್ನೇ ಹೀಗೆ ಯೆಹೂದಿಯಲ್ಲದ ಒಬ್ಬ ನಾಗರಿಕನಿಗೆ ವರ್ಷವರ್ಷ ಮಾರುತ್ತಾರೆ. ಮಾವಶಿ ನಮ್ಮನ್ನು ಕರೆದು ಹಿಟ್ಟಿನ ಡಬ್ಬ, ರವೆ, ಶಾವಿಗೆ, ಬಿಸ್ಕೀಟು, ಹಿಂಗಿನ ಡಬ್ಬಿ ಎಲ್ಲವನ್ನೂ ಒಂದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನಮ್ಮ ಕೈಗೆ ಕೊಟ್ಟು, “ಒಂದು ರೂಪಾಯಿ ಕೊಡು” ಎಂದರು. ಇದೊಂದು ನಾಟಕವೆಂದು ನಾವು ನಗುತ್ತ ಕೊಟ್ಟೆವು. ಅವರು ನಗಲಿಲ್ಲ. “ಇದು ನಿಜವಾದ ಮಾರಾಟ. ಎಂಟು ದಿನ ಇದು ನಿಮ್ಮದು. ಬೇಕಾದರೆ ಬಂದು ತೆಗೆದು ತಿನ್ನಬಹುದು, ನಾನು ಬೇಡವೆನ್ನುವ ಹಾಗಿಲ್ಲ.” ಕಚೇರಿಯಲ್ಲಿ ಚಾರ್ಜ್ ವಹಿಸಿಕೊಳ್ಳುವಾಗ ನಾಲ್ಕು ಪ್ರತಿಗಳಲ್ಲಿ ಸಹಿ ಹಾಕುವ ನಮಗೆ ಆ ಗಾಂಭೀರ್ಯ ಹಿಡಿಸಿತು. ಚರಾಸ್ತಿಯ ವ್ಯವಹಾರ ಎರಡು ತಿಂಗಳ ಮೂಲವೇತನವನ್ನು ಮೀರಿದರೆ ಇಲಾಖೆಗೆ ತಿಳಿಸಬೇಕೆಂದು ನಡತೆ ನಿಯಮಗಳು ಹೇಳುತ್ತವೆ; ಒಂದು ರೂಪಾಯಿಗೆ ಅಗತ್ಯ ಬೀಳಲಿಲ್ಲ.

2020ರ ಏಪ್ರಿಲ್ 8. ಲಾಕ್‌ಡೌನ್ ಶುರುವಾಗಿ ಎರಡು ವಾರ. ಸಿನಗಾಗ್ ಮುಚ್ಚಿತ್ತು, ಸಾಮೂಹಿಕ ಸೇದರ್ ಊಟವಿರಲಿಲ್ಲ. ಮಗ ಸೊಸೆ ಅಶ್ದೋದಿನಲ್ಲಿ. ಹಬ್ಬದ ರಾತ್ರಿ ಫೋನು ಮುಟ್ಟುವಂತಿಲ್ಲ. ಸೇದರಿನಲ್ಲಿ ಮನೆಯ ಅತ್ಯಂತ ಕಿರಿಯರು ನಾಲ್ಕು ಪ್ರಶ್ನೆ ಕೇಳಬೇಕು: ಈ ರಾತ್ರಿ ಮಾತ್ರ ಹುದುಗಿಲ್ಲದ ರೊಟ್ಟಿ ಏಕೆ, ಕಹಿ ಸೊಪ್ಪು ಏಕೆ, ಎರಡು ಸಲ ಅದ್ದುವುದೇಕೆ, ಒರಗಿ ಕುಳಿತು ತಿನ್ನುವುದೇಕೆ. ಒಂಟಿಯಾಗಿದ್ದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕೆಂದು ಶಾಸ್ತ್ರ ಹೇಳುತ್ತದೆ. ಅಷ್ಟನ್ನು ಹೇಳಿ ಮಾವಶಿ ಸುಮ್ಮನಾದರು. ನಮ್ಮ ಮಗಳಿಗೆ ಆಗ ಒಂಬತ್ತು ವರ್ಷ, ಮರಾಠಿ ಓದಲು ಬರುತ್ತಿತ್ತು.

ಎರಡೂ ಬಾಗಿಲುಗಳನ್ನು ತೆರೆದೆವು. ನಡುವೆ ಆರಡಿ ಅಗಲದ ಓಣಿ. ಅವರು ತಮ್ಮ ಹೊಸ್ತಿಲೊಳಗೆ ಸಣ್ಣ ಮೇಜಿನ ಮುಂದೆ, ನಾವು ನಮ್ಮ ಹೊಸ್ತಿಲೊಳಗೆ ಚಾಪೆಯ ಮೇಲೆ. ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಸುಟ್ಟ ಎಲುಬಿನ ತುಂಡು, ಸೊಪ್ಪು, ಉಪ್ಪುನೀರು, ಖರ್ಜೂರವನ್ನು ಕುದಿಸಿ ಸೋಸಿ ಮಂದ ಮಾಡಿದ ಪಾಕ. ಆ ಪಾಕ ಇಟ್ಟಿಗೆ ಕಟ್ಟಿದ ಕೆಸರಿನ ನೆನಪು, ಉಪ್ಪುನೀರು ಕಣ್ಣೀರಿನದು. ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ತೆಗೆದ ಶರಬತ್ತು. ಬೆನೆ ಇಸ್ರಾಯೇಲರ ರೂಢಿಯೇ ಅದು. ಮುಂಬಯಿಯಲ್ಲಿ 1846ರಷ್ಟು ಹಿಂದೆಯೇ ಈ ರಾತ್ರಿಯ ಪಾಠವಾದ ಹಗ್ಗಾದಾ ಮರಾಠಿ ಅನುವಾದದೊಡನೆ ಅಚ್ಚಾಗಿತ್ತು. 1874ರಲ್ಲಿ ಪುಣೆಯಲ್ಲಿ ಅಚ್ಚಾದದ್ದರಲ್ಲಿ ಸೀರೆಯುಟ್ಟ ಹೆಂಗಸರು ಮಾತ್ಸಾ ಮಾಡುವ ಚಿತ್ರಗಳಿವೆ. ಮಾವಶಿಯದು ಅಷ್ಟು ಹಳೆಯದಲ್ಲ, ಆದರೂ ಪುಟಗಳು ಹಪ್ಪಳದಂತಾಗಿದ್ದವು. ಮಗಳು ಓಣಿ ದಾಟಿ ಹೋಗಿ ಅದನ್ನು ತಂದು, ನಮ್ಮ ಹೊಸ್ತಿಲಲ್ಲಿ ನಿಂತು ನಾಲ್ಕು ಪ್ರಶ್ನೆಗಳನ್ನೂ ಮರಾಠಿಯಲ್ಲಿ ಗಟ್ಟಿಯಾಗಿ ಓದಿದಳು. ಮಾವಶಿ ಉತ್ತರ ಹೇಳಲು ಬಾಯಿ ತೆರೆದವರು ಸ್ವಲ್ಪ ಹೊತ್ತು ತಡೆದರು. ಆಮೇಲೆ ಒಂದೂವರೆ ಗಂಟೆ ಹೇಳಿದರು. ಮೂರನೆಯ ಮಹಡಿಯವರು ಮೆಟ್ಟಿಲಿಳಿಯುತ್ತ ಬಗ್ಗಿ ನೋಡಿ ಹೋದರು. ಆ ರಾತ್ರಿ ಅವರ ಊಟ ಅವರದು, ನಮ್ಮ ಪಾನಕ ಕೋಸಂಬರಿ ನಮ್ಮದು. ಓಣಿಯ ಆಚೆಯಿಂದ ಈಚೆಗೆ ತಿನ್ನುವ ಪದಾರ್ಥ ಏನೂ ದಾಟಲಿಲ್ಲ.

2022ರ ಹಬ್ಬ ಏಪ್ರಿಲ್ 15ರ ಸಂಜೆ ಶುರುವಾಯಿತು. ಬೆಳಿಗ್ಗೆ ಎಂದಿನಂತೆ ಕಪಾಟು, ಬೀಗ, ಒಂದು ರೂಪಾಯಿ. ಆರನೆಯ ದಿನ ಮಾವಶಿ ಬಚ್ಚಲಲ್ಲಿ ಜಾರಿ ಬಿದ್ದರು. ಆಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ಎಂಟು ದಿನ ತುಂಬುವವರೆಗೂ ಆಸ್ಪತ್ರೆಯ ಬ್ರೆಡ್ಡನ್ನು ಮುಟ್ಟಲಿಲ್ಲ; ಔಷಧದ ಮಾತ್ರೆಯಲ್ಲಿ ಏನಿದೆಯೆಂದು ದಾದಿಯನ್ನು ಕೇಳಿದಾಗ ನಾವೇ ಗದರಿದೆವು. ಮಗ ಬಂದರು. ಮನೆ ಖಾಲಿ ಮಾಡಿ, ಗಾಲಿಕುರ್ಚಿಯಲ್ಲಿ ತಾಯಿಯನ್ನು ಜೂನ್ ತಿಂಗಳಲ್ಲಿ ಅಶ್ದೋದಿಗೆ ಕರೆದೊಯ್ದರು. ಕಪಾಟು ಗುಜರಿಯವನಿಗೆ ಹೋಗುವಾಗ ಬೀಗದ ಕೈ ನಮ್ಮಲ್ಲೇ ಇದೆಯೆಂದು ನೆನಪಾಗಿ, ಬೀಗ ತೆಗೆದು ಒಳಗಿನದ್ದನ್ನು ನಮ್ಮ ಅಡಿಗೆಮನೆಗೆ ತಂದೆವು. ಮರುಖರೀದಿ ಆಗಿರಲೇ ಇಲ್ಲ.

ಆ ಹಿಟ್ಟಿನ ಡಬ್ಬ ನಮ್ಮ ಹಲಗೆಯ ಮೇಲೆ ಮೂರು ವಾರ ಕುಳಿತಿತ್ತು. ಬಳಸಲು ಕೈ ಬರಲಿಲ್ಲ, ಎಸೆಯಲೂ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಫೋನು ಮಾಡಿ ಕೇಳಿದೆವು: ಮಾವಶಿ, ನಿಮ್ಮ ಹಿಟ್ಟನ್ನು ಏನು ಮಾಡೋಣ?

“ನನ್ನ ಹಿಟ್ಟು ಎಲ್ಲಿಯದು? ಮಾರಿದ್ದೇನಲ್ಲ” ಎಂದರು ಮಾವಶಿ. “ಮಳೆಗಾಲ, ಹುಳ ಬೀಳುತ್ತದೆ. ಜರಡಿ ಹಿಡಿದು ಬೇಗ ಮುಗಿಸಿ. ಶಾವಿಗೆ ಹಳೆಯದು, ಪಾಯಸ ಮಾಡಬೇಡಿ, ಉಪ್ಪಿಟ್ಟು ಮಾಡಿ.” ಆಮೇಲೆ ಸ್ವಲ್ಪ ತಡೆದು, ಆ ಒಂದು ರೂಪಾಯಿ ತಮ್ಮ ಕೈಚೀಲದಲ್ಲೇ ಬಂದುಬಿಟ್ಟಿದೆ, ಅಲ್ಲಿನ ಅಂಗಡಿಯವರು ಅದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಕ್ಕರು. ಮಗಳು ಶಾಲೆಯಿಂದ ಬಂದಳೇ ಎಂದು ಕೇಳಿದರು. ಭಾನುವಾರವೆಂದು ನೆನಪಿಸಿದೆವು.

ಮರುದಿನ ಬೆಳಿಗ್ಗೆ ಹಿಟ್ಟಿಗೆ ಜರಡಿ ಹಿಡಿದು ಚಪಾತಿ ಮಾಡಿ ಮೂವರ ಡಬ್ಬಿಗೂ ಹಾಕಿಕೊಂಡೆವು.